ಪುಕ್ಕಟೆ ಎಂದರೆ ನಿಬಂಧನೆಯಿಲ್ಲವೆ?

ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಗದ್ದೆಗಳನ್ನು ದಾಟಿ ಮದ್ದೂರು, ಮಳವಳ್ಳಿಗಳ ಕಡೆಗೂ ಹರಿಯಬೇಕು. ಮೇಲಿನವನು ಅಡ್ಡಗಟ್ಟಿದರೆ ನಾಲೆಯ ಕಡೆಯ ಭಾಗದ ರೈತನ ಪೈರು ಒಣಗುವುದು. ಮುಕ್ತ ತಂತ್ರಾಂಶದ ಪರವಾನಗಿಯೂ ಬಹುಮಟ್ಟಿಗೆ ಇಂಥದೇ ಕಟ್ಟಳೆ.

“ಅದು ಪುಕ್ಕಟೆ ಸಾರ್, ಯಾರು ಕೇಳುತ್ತಾರೆ?” ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಹೇಳಿದ. ಅವನು ದುಡಿಯುವ ಸಣ್ಣ ಕಂಪನಿಯು ಲಿನಕ್ಸಿನ ತಿರುಳನ್ನು ತಿದ್ದಿ, ತನ್ನ ಯಂತ್ರದೊಳಗಿಟ್ಟು ಮಾರುತ್ತಿದೆಯಂತೆ. ತಿದ್ದಿದ ಮೂಲ ಸಂಕೇತವನ್ನು ಮಾತ್ರ ಯಾರಿಗೂ ತೋರಿಸದು.

ಕೇಳುವವರುಂಟು. ಲಿನಕ್ಸಿಗೆ ಅನ್ವಯಿಸುವ 1991ರ ಜಿಪಿಎಲ್ ಎರಡನೆಯ ಆವೃತ್ತಿಯು ಮಾರಾಟವನ್ನು ತಡೆಯುವುದಿಲ್ಲ. ಆದರೆ ಕೊಂಡವನಿಗೆ ಮೂಲ ಸಂಕೇತವನ್ನೂ ಕೊಡಬೇಕು, ಇಲ್ಲವೆ ಕೇಳಿದಾಗ ಕೊಡುವೆನೆಂದು ಬರೆದುಕೊಡಬೇಕು. ನಿಬಂಧನೆಯನ್ನು ಮುರಿದವನ ಹಕ್ಕು ತಾನಾಗಿಯೇ ಬಿದ್ದುಹೋಗುವುದು. ಆಮೇಲಿನ ಮಾರಾಟವು ಹಕ್ಕುಸ್ವಾಮ್ಯದ ಉಲ್ಲಂಘನೆಯೇ ಸರಿ. ನಮ್ಮ 1957ರ ಕಾಯಿದೆಯು, ತಿದ್ದುಪಡಿಯಾದ ಬಳಿಕ, ಗಣಕಕ್ರಮವನ್ನೂ ಸಾಹಿತ್ಯಕೃತಿಯೆಂದು ಎಣಿಸುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಜೇಕಬ್ಸನ್ (ನಮ್ಮ ಪೈಕಿಯವರು!) ಮಾದರಿ ರೈಲುಗಳನ್ನು ನಡೆಸುವ ಮುಕ್ತ ತಂತ್ರಾಂಶದ ಬಗೆಗೆ ಹೂಡಿದ ಮೊಕದ್ದಮೆಯಲ್ಲಿ, ಪುಕ್ಕಟೆ ಕೊಟ್ಟ ಕೃತಿಯ ನಿಬಂಧನೆಗಳಿಗೂ ಹಕ್ಕುಸ್ವಾಮ್ಯದ ಬಲವುಂಟೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿತು.

ಹಾಗೆಂದು ಮುಕ್ತ ತಂತ್ರಾಂಶವನ್ನೇ ದೂರವಿಡಬೇಕೆಂಬ ವಾದವು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಅವರ ಸಂಗಡಿಗರೂ 2001ರಲ್ಲಿ ಮುಂದಿಟ್ಟ ಸಿಂಪ್ಯೂಟರ್ ಲಿನಕ್ಸಿನ ಆಧಾರದಿಂದಲೇ ನಡೆಯಿತು; ಅದರ ಯಂತ್ರವಿನ್ಯಾಸಕ್ಕೂ ಅವರು ಜಿಪಿಎಲ್ ಮಾದರಿಯ ಪರವಾನಗಿಯನ್ನು ರಚಿಸಿದರು.

ಕಂಪನಿಗಳು ಮಾಡಬೇಕಾದುದು ಇಷ್ಟೆ: ಯಾವ ಭಾಗ ಎಲ್ಲಿಂದ ಬಂತು, ಅದರ ಷರತ್ತೇನು ಎಂಬುದನ್ನು ನಮ್ಮ ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಮೊದಲ ದಿನವೇ ಬರೆದಿಡುವುದು. ಮೊದಲು ಆ ಮೂಲ ಸಂಕೇತವನ್ನು ಗಿರಾಕಿಗಳಿಗೆ ಕೊಡಿಸೆಂದು ವಿದ್ಯಾರ್ಥಿಗೆ ಹೇಳಿದೆ. ಮಾಲೀಕರನ್ನು ಕೇಳುವೆನೆಂದು ಹೋಗಿದ್ದಾನೆ.