ನೂರು ಪ್ರಶ್ನೆ ಬೇಡ, ಒಂದು ಸರ್ಚ್ ಬಾಕ್ಸ್ ಕಟ್ಟಿ

ಬೆಂಗಳೂರಿನ ಕಂಪನಿಗಳಲ್ಲಿ ಫ್ರಂಟ್‌ಎಂಡ್ ಕೆಲಸ ಹುಡುಕುವವರನ್ನು ಹೆಚ್ಚು ನಡುಗಿಸುವುದು ಮಶೀನ್ ಕೋಡಿಂಗ್ ರೌಂಡ್. ಗಂಟೆ, ಒಂದೂವರೆ ಗಂಟೆ ಕೊಟ್ಟು, ಏನಾದರೊಂದು ಸಣ್ಣದನ್ನು ಕಣ್ಣೆದುರೇ ಕಟ್ಟಿ ತೋರಿಸಿ ಅನ್ನುತ್ತಾರೆ. ಇದಕ್ಕೂ ತಯಾರಿ ಎಂದರೆ ಪ್ರಶ್ನೋತ್ತರ ಉರುಹೊಡೆಯುವುದು ಎಂದೇ ಬಹಳ ಮಂದಿ ನಂಬಿದ್ದಾರೆ. ಕ್ಲೋಶರ್, ಈವೆಂಟ್ ಲೂಪ್ ಎಲ್ಲವೂ ಬಾಯಲ್ಲಿರುತ್ತವೆ. ಕೀಬೋರ್ಡಿನ ಮುಂದೆ ಕೂತರೆ ಕೈ ಓಡುವುದಿಲ್ಲ.

ಟೈಪ್ ಮಾಡುತ್ತಿದ್ದಂತೆ ಊರಿನ ಹೆಸರು ಸೂಚಿಸುವ ಸರ್ಚ್ ಬಾಕ್ಸನ್ನೇ ತೆಗೆದುಕೊಳ್ಳಿ. ಒಂದು ಮಟ್ಟಿಗೆ ಅದನ್ನು ಯಾರಾದರೂ ನಡೆಸಿಬಿಡುತ್ತಾರೆ. ಅಸಲು ಪರೀಕ್ಷೆ ಆಮೇಲೆ. ಪ್ರತಿ ಕೀಲಿಗೂ ಸರ್ವರಿಗೆ ಕೋರಿಕೆ ಹೋಗಬಾರದು, ಬೆರಳು ನಿಂತು 300 ಮಿಲಿಸೆಕೆಂಡ್ ಕಳೆದ ಮೇಲೆ ಹೋದರೆ ಸಾಕು. ಈ ಡಿಬೌನ್ಸ್ ಎಲ್ಲರಿಗೂ ಗೊತ್ತು. ಆದರೆ ‘ಮೈ’ಗೆ ಬರಬೇಕಾದ ಉತ್ತರ ‘ಮೈಸೂರು’ ಉತ್ತರಕ್ಕಿಂತ ತಡವಾಗಿ ಬಂದರೆ? ಪರದೆಯ ಮೇಲೆ ಹಳೆಯ ಪಟ್ಟಿ ಬಂದು ಕೂರುತ್ತದೆ. ಡಿಬೌನ್ಸ್ ಇದನ್ನು ಪೂರ್ತಿ ತಡೆಯದು. ಹಿಂದಿನ ಕೋರಿಕೆಯನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಬೇಕು, ಇಲ್ಲವೇ ಬಂದ ಉತ್ತರ ಈಗಿನ ಪದದ್ದೇ ಎಂದು ನೋಡಿಕೊಳ್ಳಬೇಕು. ಬಾಣದ ಕೀಲಿಯಿಂದ ಪಟ್ಟಿಯಲ್ಲಿ ಇಳಿಯಬಹುದೇ? ಸ್ಕ್ರೀನ್ ರೀಡರ್ ಅದನ್ನು ಓದೀತೇ? ‘ಮೂರು ಅಕ್ಷರವಾದ ಮೇಲೆ ಹುಡುಕು’ ಎಂದು ನಿಯಮ ಬರೆದವರು ಕನ್ನಡದಲ್ಲಿ ಟೈಪ್ ಮಾಡಿ ನೋಡಲಿ: ಜಾವಾಸ್ಕ್ರಿಪ್ಟಿನ ಲೆಂಗ್ತ್ ‘ಕ್ಷ’ ಒಂದನ್ನೇ ಮೂರೆಂದು ಎಣಿಸುತ್ತದೆ!

ಇವು ಯಾವುವೂ ಪ್ರಶ್ನೆಪಟ್ಟಿಯಿಂದ ಮೈಗೂಡುವುದಿಲ್ಲ. ಕಟ್ಟಿ, ಕೆಡಿಸಿ, ಯಾಕೆ ಕೆಟ್ಟಿತೆಂದು ಹುಡುಕಿದವರಿಗೆ ಮಾತ್ರ ಹೊಳೆಯುತ್ತವೆ. 2006ರ ಜೆಕ್ವೆರಿ ಬದಿಗೆ ಸರಿಯಿತು, 2013ರಲ್ಲಿ ರಿಯಾಕ್ಟ್ ಬಂತು. ತಡವಾಗಿ ಬರುವ ಉತ್ತರದ ತೊಂದರೆ ಮಾತ್ರ ಹಾಗೇ ಇದೆ.

ಕೆಲಸದಲ್ಲಿ ಯಾರೂ ಹೀಗೆ ಗಡಿಯಾರ ಹಿಡಿದು ಎದುರು ಕೂರುವುದಿಲ್ಲ, ಇದು ಬರೀ ನಾಟಕ ಎನ್ನುವವರಿದ್ದಾರೆ. ಅರ್ಧ ನಿಜ. ಕೈ ನಡುಗುವ ಒಳ್ಳೆಯ ಕೆಲಸಗಾರರು ಇಲ್ಲಿ ಸೋಲುವುದುಂಟು, ಅಚ್ಚುಕಟ್ಟಾಗಿ ಬರೆದದ್ದನ್ನು ನೋಡದೆ ‘ಮುಗಿಯಿತೇ’ ಎಂದಷ್ಟೇ ಕೇಳುವ ಸಂದರ್ಶಕರೂ ಇದ್ದಾರೆ. ಆದರೂ ವ್ಯಾಖ್ಯಾನ ಒಪ್ಪಿಸುವ ಸುತ್ತಿಗಿಂತ ಇದು ಕೆಲಸಕ್ಕೆ ಹತ್ತಿರ. ತೊಡಕು ಬಂದಾಗ ಅಭ್ಯರ್ಥಿ ಏನು ಮಾಡುತ್ತಾರೆ ಎಂಬುದಾದರೂ ಇಲ್ಲಿ ಕಾಣುತ್ತದೆ.

ರಿಂಗ್ ರೋಡ್ ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಮನೆ ಸೇರುವವರಿಗೆ ದಿನವೂ ಅಭ್ಯಾಸ ಮಾಡಿ ಎನ್ನುವುದು ಅನ್ಯಾಯ. ವಾರಕ್ಕೊಂದು ಸಂಜೆ ಸಾಕು. ಯಾವ ಲೈಬ್ರರಿಯೂ ಇಲ್ಲದೆ, ಎಐ ಸಹಾಯವನ್ನೂ ಬಿಟ್ಟು, ಒಂದೇ ಒಂದು ಘಟಕ ಕಟ್ಟಿ. ಮುಗಿದ ಮೇಲೆ ಮನೆಯಲ್ಲಿ ಯಾರ ಕೈಗಾದರೂ ಕೊಟ್ಟು, ಕೆಡಿಸಲು ಹೇಳಿ.