ಕತ್ತರಿ ಹಾಕಿ, ಆದರೆ ಹೇಳಿ ಹಾಕಿ

2024ರ ವೆನಿಸ್ ಚಿತ್ರೋತ್ಸವದಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಮರುಹುಟ್ಟು ಪಡೆಯಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್ ಬಳಸಿ, ನಿರ್ದೇಶಕರನ್ನೇ ಜೊತೆಗಿಟ್ಟುಕೊಂಡು ಆ ಚಿತ್ರವನ್ನು ಸುಸ್ಥಿತಿಗೆ ತಂದರು. ಇದಕ್ಕೆ ಹಣ ಒದಗಿಸಿದ್ದು ಹಾಬ್ಸನ್-ಲ್ಯೂಕಾಸ್ ಕುಟುಂಬ ಪ್ರತಿಷ್ಠಾನ. ಅಂದರೆ ‘ಸ್ಟಾರ್ ವಾರ್ಸ್’ ಖ್ಯಾತಿಯ ಜಾರ್ಜ್ ಲ್ಯೂಕಾಸ್ ಅವರ ಮನೆತನದ ದುಡ್ಡು. ಕನ್ನಡಿಗರು ಈ ಋಣವನ್ನು ಮರೆಯಬಾರದು. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ‘ಘಟಶ್ರಾದ್ಧ’ ಬಂದ 1977ರಲ್ಲೇ ತೆರೆಕಂಡ ತಮ್ಮ ಸ್ವಂತ ಚಿತ್ರವನ್ನು ಮಾತ್ರ ಲ್ಯೂಕಾಸ್, 1997ರಿಂದಾಚೆಗೆ, 2012ರಲ್ಲಿ ಕಂಪನಿಯನ್ನು ಡಿಸ್ನಿಗೆ ಮಾರುವವರೆಗೂ, ಜನ ಅಂದು ನೋಡಿದ ರೂಪದಲ್ಲಿ ಒಳ್ಳೆಯ ಪ್ರತಿಯಾಗಿ ಸಿಗದಂತೆ ನೋಡಿಕೊಂಡರು.

1988ರಲ್ಲಿ ಇದೇ ಲ್ಯೂಕಾಸ್ ಅಮೆರಿಕದ ಸಂಸತ್ತಿಗೆ ಹೋಗಿ, ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುತ್ತಿದ್ದವರ ವಿರುದ್ಧ ಸಾಕ್ಷಿ ನುಡಿದಿದ್ದರು. ಲಾಭಕ್ಕಾಗಿ ಕಲಾಕೃತಿಗಳನ್ನು ತಿದ್ದುವವರು ಅನಾಗರಿಕರು ಎಂದು ಗುಡುಗಿದ್ದರು. ಮುಂದೊಂದು ದಿನ ಮೂಲ ಕಣ್ಮರೆಯಾಗಿ ತಿದ್ದಿದ್ದೇ ಮೂಲವೆನಿಸಿಕೊಳ್ಳುತ್ತದೆ ಎಂದೂ ಎಚ್ಚರಿಸಿದ್ದರು. ಒಂಬತ್ತು ವರ್ಷ ಕಳೆದ ಮೇಲೆ, 1997ರಲ್ಲಿ, ‘ಸ್ಟಾರ್ ವಾರ್ಸ್’ ಸರಣಿಯ ತಮ್ಮ ಮೂರೂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ‘ವಿಶೇಷ ಆವೃತ್ತಿ’ ಎಂದು ಬಿಡುಗಡೆ ಮಾಡಿದರು. ಮದ್ಯದಂಗಡಿಯಲ್ಲಿ ಎದುರು ಕೂತವನನ್ನು ಹಾನ್ ಸೋಲೋ ಎಂಬ ಪುಂಡ ತಣ್ಣಗೆ ಗುಂಡಿಕ್ಕಿ ಕೊಲ್ಲುತ್ತಿದ್ದ ದೃಶ್ಯದಲ್ಲಿ ಈಗ ಎದುರಾಳಿಯೇ ಮೊದಲು ಗುಂಡು ಹಾರಿಸುತ್ತಾನೆ. ಪುಂಡ ಸಭ್ಯಸ್ಥನಾದ. 2006ರಲ್ಲಿ ಅಭಿಮಾನಿಗಳ ಕಾಟ ತಾಳದೆ ಮೂಲವನ್ನು ಡಿವಿಡಿಗೆ ಹಾಕಿದ್ದೇನೋ ನಿಜ. ಆದರೆ ಅದು 1993ರ ಲೇಸರ್ ಡಿಸ್ಕಿಗೆಂದು ಮಾಡಿದ್ದ ಹಳೆಯ ಮಸುಕು ಪ್ರತಿ. ಕೊಟ್ಟ ಶಾಸ್ತ್ರವೂ ಮುಗಿಯಿತು, ನೋಡಲು ಆಗದಂತೆಯೂ ಆಯಿತು.

ಇದೆಲ್ಲಕ್ಕಿಂತ ನನಗೆ ಸಹಿಸಲಾಗದ ಬದಲಾವಣೆ ಬೇರೆಯದು. 1983ರ ಮೂರನೆಯ ಚಿತ್ರದ ಕೊನೆಯಲ್ಲಿ ಖಳನಾಯಕ ಡಾರ್ತ್ ವೇಡರ್‌ನ ಆತ್ಮ ಮುದುಕನ ರೂಪದಲ್ಲಿ ಮಗನಿಗೆ ಕಾಣಿಸಿಕೊಳ್ಳುತ್ತದೆ. ಆ ಪಾತ್ರ ಮಾಡಿದವರು ಸೆಬಾಸ್ಟಿಯನ್ ಶಾ ಎಂಬ ಇಂಗ್ಲಿಷ್ ನಟ. ಅವರು 1994ರಲ್ಲಿ ತೀರಿಕೊಂಡರು. 2004ರ ಡಿವಿಡಿಯಲ್ಲಿ ಆ ಜಾಗದಲ್ಲಿ, ಮುಂದಿನ ಸರಣಿಯಲ್ಲಿ ಅದೇ ಪಾತ್ರ ಮಾಡಿದ ಹೇಡನ್ ಕ್ರಿಸ್ಟೆನ್ಸನ್ ಎಂಬ ಯುವಕ ನಿಂತಿದ್ದಾನೆ. ಸತ್ತ ನಟ ತಕರಾರು ಮಾಡಲು ಎದ್ದು ಬರುವುದಿಲ್ಲವಲ್ಲ!

‘ಅವರ ಸಿನಿಮಾ, ಅವರಿಷ್ಟ, ನಿಮಗೇನು?’ ಎಂದು ಕೇಳುವವರಿದ್ದಾರೆ. ಬಿಡುಗಡೆಗೆ ಮುಂಚೆ ಅವರಿಷ್ಟ, ಒಪ್ಪುತ್ತೇನೆ. ಟಿಕೆಟ್ ಹರಿದ ಮೇಲೆ ಆ ಚಿತ್ರ ಒಂದು ಕಾಲದ ದಾಖಲೆಯಾಯಿತು. ಅದರಲ್ಲಿ ಶಾ ಅವರ ಮುಖವಿದೆ, ಆ ದಿನ ದೀಪ ಹಿಡಿದವನ ಬೆವರಿದೆ, ಕತ್ತಲಲ್ಲಿ ಕೂತು ಚಪ್ಪಾಳೆ ಹೊಡೆದವರ ಹರೆಯವಿದೆ. ನಿರ್ದೇಶಕ ಹತ್ತು ಸಲ ಬೇಕಾದರೂ ತಿದ್ದಿಕೊಳ್ಳಲಿ. ಮೊದಲನೆಯದನ್ನು ಬಚ್ಚಿಡುವ ಹಕ್ಕು ಅವನಿಗಿಲ್ಲ.

ಬಚ್ಚಿಟ್ಟಾಗ ಪೆಟ್ಟು ಬೀಳುವುದು ನೋಡುಗನ ನೆನಪಿಗೆ. ‘ಇಲ್ಲೊಂದು ದೃಶ್ಯವಿತ್ತು’ ಎಂದರೆ ‘ನಿನಗೆಲ್ಲೋ ಭ್ರಮೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. 1978ರ ‘ಸೂಪರ್‌ಮ್ಯಾನ್’ ಚಿತ್ರವನ್ನು 1982ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಎರಡು ರಾತ್ರಿ ಪ್ರಸಾರ ಮಾಡಿದಾಗ ಚಿತ್ರಮಂದಿರದಲ್ಲಿ ಇಲ್ಲದಿದ್ದ ಎಷ್ಟೋ ದೃಶ್ಯಗಳು ಸೇರಿದ್ದವು. ಟಿವಿಯಲ್ಲಿ ನೋಡಿದವರು ವಿಡಿಯೊ ಕ್ಯಾಸೆಟ್ ತಂದು ಹುಡುಕಿದರೆ ಅವು ಇರಲಿಲ್ಲ. ಆ ಉದ್ದನೆಯ ಪ್ರತಿ ಡಿಸ್ಕಿನಲ್ಲಿ ಮಾರಾಟಕ್ಕೆ ಬಂದಿದ್ದು 2017ರಲ್ಲಿ. ಮೂವತ್ತೈದು ವರ್ಷ ಭ್ರಮೆ ಎನಿಸಿಕೊಂಡವರ ನೆನಪೇ ಸರಿಯಿತ್ತು. ನೆನಪು ಮೋಸ ಮಾಡುವುದೂ ಉಂಟು, ಇಲ್ಲವೆನ್ನುವುದಿಲ್ಲ. ಎರಡು ಚಿತ್ರಗಳನ್ನು ಕಲಸಿ ಮೂರನೆಯದೊಂದನ್ನು ಕಂಡೆ ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಮೂಲ ಕೈಗೆ ಸಿಗುವಂತಿದ್ದರೆ ತಾನೇ ಯಾರದು ಸರಿ ಎಂದು ತಾಳೆ ನೋಡುವುದು?

ಡಿಸ್ಕಿನ ಕಾಲದಲ್ಲಿ ಕೊಂಡದ್ದು ಕಪಾಟಿನಲ್ಲಿ ಹಾಗೇ ಇರುತ್ತಿತ್ತು. ಒಟಿಟಿಯಲ್ಲಿ ರಾತ್ರಿ ಇದ್ದದ್ದು ಬೆಳಿಗ್ಗೆ ಇರಬೇಕೆಂದಿಲ್ಲ. 1971ರ ‘ದಿ ಫ್ರೆಂಚ್ ಕನೆಕ್ಷನ್’ ಆಸ್ಕರ್ ಗೆದ್ದ ಚಿತ್ರ. 2023ರಲ್ಲಿ ಕ್ರೈಟೀರಿಯನ್ ಚಾನೆಲ್‌ನಲ್ಲಿ ಅದನ್ನು ನೋಡುತ್ತಿದ್ದವರಿಗೆ, ನಾಯಕನಾದ ಪೊಲೀಸ್ ಅಧಿಕಾರಿ ಕರಿಯರನ್ನು ಹೀನಾಯವಾಗಿ ಬೈಯುವ ಕೆಲವೇ ಸೆಕೆಂಡುಗಳ ಭಾಗ ಮಾಯವಾಗಿರುವುದು ಕಂಡಿತು. ತೆರೆಯ ಮೇಲೆ ಒಂದು ಸಾಲಿನ ಸೂಚನೆಯೂ ಇರಲಿಲ್ಲ. ಬೈಗುಳ ಕೆಟ್ಟದ್ದೇ. ಆದರೆ ಆ ಪೊಲೀಸಿನವನು ಎಂಥವನು ಎಂದು ಚಿತ್ರ ಹೇಳುವುದೇ ಆ ಬೈಗುಳದ ಮೂಲಕ. ಅದನ್ನು ಕಿತ್ತರೆ ಕರಿಯರಿಗೆ ನ್ಯಾಯ ಸಿಗುವುದಿಲ್ಲ, ಅವನ ಜನಾಂಗದ್ವೇಷಕ್ಕೆ ಸುಣ್ಣ ಬಳಿದಂತಾಗುತ್ತದೆ.

ಇದು ಹೊರದೇಶದ ಚಟವೆಂದು ನಾವು ಬೆನ್ನು ತಟ್ಟಿಕೊಳ್ಳಬೇಕಿಲ್ಲ. ವಿಸಿಡಿಯ ಒಂದು ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು ಹೆಚ್ಚೆಂದರೆ 80 ನಿಮಿಷ. ಎರಡೂಮುಕ್ಕಾಲು ಗಂಟೆಯ ಕನ್ನಡ ಚಿತ್ರಕ್ಕೆ ಮೂರನೇ ಡಿಸ್ಕ್ ಹಾಕುವುದಕ್ಕಿಂತ ಹಾಡೊಂದನ್ನು, ಹಾಸ್ಯದ ತುಣುಕೊಂದನ್ನು ಹಾರಿಸುವುದು ಅಗ್ಗ. ಟಿವಿಗೆಂದು ಕೊರೆದ ಪ್ರತಿಯೇ ಎಷ್ಟೋ ಸಲ ಯೂಟ್ಯೂಬಿಗೂ ಏರಿದೆ. ಮಾತು ಅರ್ಧಕ್ಕೆ ನಿಂತು ಮುಂದಿನ ದೃಶ್ಯಕ್ಕೆ ಜಿಗಿಯುತ್ತದೆ, ಮೇಲೆ ಮಾತ್ರ ‘ಪೂರ್ಣ ಚಲನಚಿತ್ರ’ ಎಂಬ ಶೀರ್ಷಿಕೆ! ಡಾ. ರಾಜ್‌ಕುಮಾರ್ ಅವರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ಬಂದವು, ಜನ ನೋಡಿ ಸಂತೋಷಪಟ್ಟರು. ಇರಲಿ. ಅವುಗಳ ಕಪ್ಪುಬಿಳುಪಿನ ಮೂಲವೂ ಅಷ್ಟೇ ಚೊಕ್ಕಟವಾಗಿ, ಅಷ್ಟೇ ಸುಲಭವಾಗಿ ಸಿಗಬೇಕು ಎನ್ನುವುದಷ್ಟೇ ನನ್ನ ಹಟ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯನ್ನೂ ಉಳಿಸಿಕೊಳ್ಳದ ನಾಡು ನಮ್ಮದು.

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ಯ ಕತೆ ಇನ್ನೂ ಜಟಿಲ. ರಮೇಶ್ ಸಿಪ್ಪಿ ತೆಗೆದ ಅಂತ್ಯದಲ್ಲಿ ಠಾಕೂರ್, ಗಬ್ಬರ್‌ನನ್ನು ಮೊಳೆ ಜೋಡಿನಲ್ಲಿ ತುಳಿದು ಕೊಲ್ಲುತ್ತಾನೆ. ತುರ್ತು ಪರಿಸ್ಥಿತಿಯ ದಿನಗಳು. ಮಾಜಿ ಪೊಲೀಸ್ ಅಧಿಕಾರಿಯೊಬ್ಬ ಕಾನೂನು ಕೈಗೆತ್ತಿಕೊಳ್ಳುವುದೇ ಎಂದು ಸೆನ್ಸಾರ್ ಮಂಡಳಿ ಅಡ್ಡಬಂತು. ಪೊಲೀಸರು ಬಂದು ತಡೆಯುವ ಅಂತ್ಯವನ್ನು ಮತ್ತೆ ಚಿತ್ರೀಕರಿಸಿ 1975ರ ಆಗಸ್ಟ್ 15ರಂದು ಬಿಡುಗಡೆ ಮಾಡಿದರು. ಮೊದಲಿನ ಅಂತ್ಯವನ್ನು ಕೆಲವು ವಿಡಿಯೊ ಪ್ರತಿಗಳಲ್ಲಿ ಕಂಡವರು, ಕಾಣದವರ ಜೊತೆ ವರ್ಷಗಟ್ಟಲೆ ಜಗಳವಾಡಿದರು. 2025ರಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಆ ಅಂತ್ಯವನ್ನೂ ಕೂಡಿಸಿ ಚಿತ್ರವನ್ನು ಸುಸ್ಥಿತಿಗೆ ತಂದು ಇಟಲಿಯ ಬೊಲೊನ್ಯಾದಲ್ಲಿ ತೋರಿಸಿತು. ಸಿಪ್ಪಿಯವರಿಗೆ ನ್ಯಾಯ ಸಿಕ್ಕಿತು, ಸಂತೋಷ. ಆದರೆ ಇನ್ನು ಮುಂದೆ ಇದೊಂದೇ ‘ಶೋಲೆ’ ಎಂದು ಪೊಲೀಸರು ಬರುವ ಅಂತ್ಯವನ್ನು ಮೂಲೆಗೆ ತಳ್ಳಿದರೆ ಅದೂ ತಪ್ಪೇ. ಕೋಟ್ಯಂತರ ಜನ ನೋಡಿದ್ದು ಅದನ್ನೇ. ತುರ್ತು ಪರಿಸ್ಥಿತಿ ಸಿನಿಮಾದ ಮೈಮೇಲೆ ಹಾಕಿದ ಬರೆ ಅದು. ಗಾಯದ ಗುರುತನ್ನೂ ಉಳಿಸಿಕೊಳ್ಳಬೇಕು.

ಅದೇ 2025ರ ಆಗಸ್ಟ್‌ನಲ್ಲಿ ಇನ್ನೊಂದು ನಡೆಯಿತು. ‘ರಾಂಝಣಾ’ದ ತಮಿಳು ರೂಪ ‘ಅಂಬಿಕಾಪತಿ’ಯಲ್ಲಿ ಸಾಯಬೇಕಿದ್ದ ನಾಯಕನನ್ನು ಕೃತಕ ಬುದ್ಧಿಮತ್ತೆಯಿಂದ ಬದುಕಿಸಿ ಮರುಬಿಡುಗಡೆ ಮಾಡಿದರು. ನಿರ್ದೇಶಕ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ಬೇಡವೆಂದರೂ ಹಕ್ಕುದಾರ ಕಂಪನಿ ಕೇಳಲಿಲ್ಲ. ಇಲ್ಲಿ ಗುಟ್ಟೇನೂ ಇರಲಿಲ್ಲ, ಸಾರಿ ಹೇಳಿಯೇ ಮಾಡಿದರು. ಹಾಗಾಗಿ ಹೇಳುವುದೊಂದೇ ಸಾಲದು, ಕೇಳಲೂ ಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಹಕ್ಕು ಮಾರಿದ ಮೇಲೂ ತನ್ನ ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ಅಧಿಕಾರವನ್ನು ಕರ್ತೃವಿಗೆ ಕೊಡುತ್ತದೆ. ಆದರೆ ಅದೇ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ನಿರ್ಮಾಪಕ! ನಿರ್ದೇಶಕನ ಹೆಸರೇ ಅಲ್ಲಿಲ್ಲ. ನಿರ್ದೇಶಕನನ್ನೂ ಕರ್ತೃವೆಂದು ಒಪ್ಪುವ ತಿದ್ದುಪಡಿ ಮೊದಲು ಆಗಬೇಕು.

ಎಲ್ಲ ಪ್ರತಿಗಳನ್ನೂ ಇಟ್ಟುಕೊಳ್ಳುವುದು ದುಬಾರಿ ಎನ್ನುವ ನೆಪ ನಿಲ್ಲುವುದಿಲ್ಲ. ‘ಬ್ಲೇಡ್ ರನ್ನರ್’ನ ಐದು ಆವೃತ್ತಿಗಳನ್ನು 2007ರಲ್ಲೇ ಒಂದೇ ಪೆಟ್ಟಿಗೆಯಲ್ಲಿ ಮಾರಿದರು. 2002ರಲ್ಲಿ ‘ಇ.ಟಿ.’ ಚಿತ್ರದ ಪೊಲೀಸರ ಕೈಯಿಂದ ಬಂದೂಕು ಕಿತ್ತು ವಾಕಿಟಾಕಿ ಹಿಡಿಸಿದ್ದ ಸ್ಪೀಲ್‌ಬರ್ಗ್ ಆಮೇಲೆ ಪಶ್ಚಾತ್ತಾಪಪಟ್ಟು ಮೂಲವನ್ನೇ ಮತ್ತೆ ಜನರ ಕೈಗಿಟ್ಟರು. ಮನಸ್ಸಿದ್ದರೆ ಆಗುತ್ತದೆ.

ತೆರೆಕಂಡ ರೂಪದ ಒಂದು ಪ್ರತಿ ಸಂಗ್ರಹಾಲಯಕ್ಕೆ ಸೇರದೆ ಯಾವ ಚಿತ್ರವೂ ಟಿವಿ, ಒಟಿಟಿಗೆ ಹೋಗಬಾರದು. ಏನನ್ನು ತೆಗೆದಿದ್ದೇವೆ, ಎಷ್ಟು ನಿಮಿಷ ತೆಗೆದಿದ್ದೇವೆ ಎಂದು ಮೊದಲ ಚೌಕಟ್ಟಿನಲ್ಲೇ ಬರೆಯಬೇಕು. ಸಿಗರೇಟಿಗೆ ಎಚ್ಚರಿಕೆ ಬರೆಯುವವರಿಗೆ ಇದು ಭಾರವಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿ ಕನ್ನಡ ಚಿತ್ರಗಳ ಮಟ್ಟಿಗಾದರೂ ಹೀಗೆ ತೆಗೆದದ್ದರ ಪಟ್ಟಿ ತಯಾರಿಸುವ ಕೆಲಸ ಶುರುಮಾಡಲಿ.

ಓದುಗರಲ್ಲಿ ಒಂದು ಮಾತು. ಬ್ರಿಟನ್ನಿನ ಬಿಬಿಸಿ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಹಳೆಯ ಟೇಪುಗಳನ್ನು ತಾನೇ ಅಳಿಸಿಹಾಕಿತು. ಕಳೆದುಹೋದ ಆ ಕಂತುಗಳ ಧ್ವನಿಯಾದರೂ ಇಂದು ಉಳಿದಿದ್ದರೆ ಅದು ಮನೆಯ ಟೇಪ್ ರೆಕಾರ್ಡರನ್ನು ಟಿವಿಯ ಮುಂದೆ ಹಿಡಿದ ವೀಕ್ಷಕರಿಂದ. ನಿಮ್ಮ ಅಟ್ಟದ ಮೇಲೆ ಹಳೆಯ ವಿಡಿಯೊ ಕ್ಯಾಸೆಟ್‌ಗಳಿದ್ದರೆ, ದೂರದರ್ಶನದಿಂದ ರೆಕಾರ್ಡ್ ಮಾಡಿಕೊಂಡದ್ದಿದ್ದರೆ, ಈ ಸಲದ ಹಬ್ಬದ ಸ್ವಚ್ಛತೆಯಲ್ಲಿ ಗುಜರಿಗೆ ಹಾಕಬೇಡಿ.