ಮೂರು ದಿನಗಳ ಪ್ರವಾಸ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸುತ್ತುವುದನ್ನೂ ಓದುವುದನ್ನೂ ನಮ್ಮ ಹಿರಿಯರು ಜೊತೆಜೊತೆಯಾಗಿ ಹೇಳಿರುವುದರಲ್ಲಿ ಒಂದು ಸೂಕ್ಷ್ಮವಿದೆ. ಪುಸ್ತಕದ ಹಾಳೆಗಳನ್ನು ಸರಸರನೆ ಮಗುಚಿದವನನ್ನು ನಾವು ಓದಿದವನೆಂದು ಕರೆಯುವುದಿಲ್ಲ. ಹಾಗಾದರೆ, ಊರಿಂದ ಊರಿಗೆ ಓಡಿ, ಒಂದೊಂದರಲ್ಲಿಯೂ ಅರೆಗಳಿಗೆ ನಿಂತು ಹಿಂದಿರುಗಿದವನನ್ನು ದೇಶ ನೋಡಿದವನೆಂದು ಕರೆಯುವುದು ಹೇಗೆ?

ನಾನು ಪ್ರೌಢಶಾಲೆಯಲ್ಲಿದ್ದಾಗ ಎರಡು ದಿನಗಳಲ್ಲಿ ಒಂಬತ್ತು ಸ್ಥಳಗಳನ್ನು ನೋಡುವ ಪ್ರವಾಸವೊಂದಕ್ಕೆ ಹೋಗಿದ್ದೆ. ಬಸ್ಸು ಹತ್ತುವುದು, ಇಳಿಯುವುದು, ಎಣಿಕೆ ಕೊಡುವುದು, ಮತ್ತೆ ಹತ್ತುವುದು, ಇಷ್ಟರಲ್ಲಿಯೇ ನಮ್ಮ ಕಾಲವೆಲ್ಲ ಕಳೆಯಿತು. ಬನವಾಸಿಯನ್ನು ಮುಟ್ಟಿದಾಗ ಕತ್ತಲಾಗಿತ್ತು. ದೇವಾಲಯದ ಬಾಗಿಲು ಮುಚ್ಚಿತ್ತು. ಮನೆಗೆ ಬಂದಾಗ ಅಜ್ಜಿ, “ಏನೇನು ನೋಡಿದೆಯೋ, ಮಗಾ?” ಎಂದು ಕೇಳಿದರು. ನಾನು ಒಂಬತ್ತು ಹೆಸರುಗಳನ್ನು ಒಪ್ಪಿಸಿದೆ. “ಹೆಸರುಗಳನ್ನು ನಾನೂ ಬಲ್ಲೆ. ನೋಡಿದ್ದನ್ನು ಹೇಳು” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಅಭಿಪ್ರಾಯವು ಬೇರೂರಿದೆ. ಪ್ರವಾಸದ ಸಿದ್ಧತೆಯೆಂದರೆ ನೋಡಬೇಕಾದ ಸ್ಥಳಗಳನ್ನು ಕೂಡಿಸುತ್ತ ಹೋಗುವುದಲ್ಲ. ಯಾವುದನ್ನು ಬಿಡಬೇಕೆಂಬುದನ್ನು ಹೊರಡುವ ಮೊದಲೇ ವಿವೇಕದಿಂದ ನಿರ್ಧರಿಸುವುದು. ಈ ಮಾತನ್ನು ಒಂದು ನಿದರ್ಶನದಿಂದ ವಿವರಿಸುತ್ತೇನೆ.

ಪರೀಕ್ಷೆಗಳು ಮುಗಿದಿವೆ, ವಸಂತ ಕಾಲಿಟ್ಟಿದೆ, ಮೂರು ದಿನಗಳ ಬಿಡುವಿದೆ ಎಂದುಕೊಳ್ಳೋಣ. ಶಿವಮೊಗ್ಗದಿಂದ ಹೊರಟು ಬಳ್ಳಿಗಾವಿ, ತಾಳಗುಂದ, ಬನವಾಸಿ, ಕೆಳದಿ, ಇಕ್ಕೇರಿಗಳನ್ನು ನೋಡಿಕೊಂಡು ಮರಳಿ ಶಿವಮೊಗ್ಗಕ್ಕೆ ಬರುವ ರಸ್ತೆ ಒಂದು ಬಳೆಯಂತಿದೆ. ಹೋದ ದಾರಿಯಲ್ಲಿಯೇ ಹಿಂದಿರುಗಬೇಕಾಗಿಲ್ಲ. ಹೊಂಗೆಯ ಮರಗಳು ಎಳೆಯ ಹಸಿರನ್ನು ತಳೆದು ನಿಲ್ಲುವ ಕಾಲವದು. ಹತ್ತನೆಯ ಶತಮಾನದ ಮಹಾಕವಿ ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಮನದುಂಬಿ ಹೊಗಳಿದ ಬನವಾಸಿ ನಾಡು ಇದೇ.

ಮೊದಲನೆಯ ದಿನವನ್ನು ಶಿಕಾರಿಪುರದ ಆಚೆಗಿರುವ ಬಳ್ಳಿಗಾವಿ, ತಾಳಗುಂದಗಳಿಗೆ ಮೀಸಲಿಡಬೇಕು. ಇಂದು ಸಣ್ಣ ಗ್ರಾಮವಾಗಿರುವ ಬಳ್ಳಿಗಾವಿ ಒಂದು ಕಾಲದಲ್ಲಿ ಮಹಾನಗರ. ಅಲ್ಲಿನ ಕೋಡಿಯ ಮಠದಲ್ಲಿ ವೇದ, ವ್ಯಾಕರಣಗಳ ಪಾಠ ನಡೆಯುತ್ತಿತ್ತೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದೂ 1162ರ ಶಾಸನವು ತಿಳಿಸುತ್ತದೆ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವೂ ಆ ಊರಿನಲ್ಲಿದೆ. ಸಮೀಪದ ತಾಳಗುಂದದಲ್ಲಿ ಐದನೆಯ ಶತಮಾನದ ಒಂದು ಶಾಸನಸ್ತಂಭವಿದೆ. ಮಯೂರಶರ್ಮನೆಂಬ ವಿದ್ಯಾರ್ಥಿ ತನ್ನ ಗುರುವಿನೊಡನೆ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾದದ್ದು, ಆ ಅವಮಾನದಿಂದ ಕೆರಳಿ ಶಸ್ತ್ರ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದ್ದು, ಇವೆಲ್ಲವನ್ನೂ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ್ದಾನೆ. ಈ ಕಥೆಯನ್ನು ತಿಳಿಯದೆ ಹೋದವನಿಗೆ ಅದು ಬರಿಯ ಕಲ್ಲುಕಂಬ. ತಿಳಿದು ಹೋದವನಿಗೆ ಅದು ಮಾತನಾಡುವ ಸಾಕ್ಷಿ. ಆದುದರಿಂದ ಸಿದ್ಧತೆಯು ಗ್ರಂಥಾಲಯದಲ್ಲಿಯೇ ಆರಂಭವಾಗಬೇಕು.

ಎರಡನೆಯ ದಿನ ಬನವಾಸಿಯೊಂದಕ್ಕೇ ಸಲ್ಲಬೇಕು. ವರದಾ ನದಿ ಬಳಸಿ ಹರಿಯುವ ಈ ಊರು ಕದಂಬರ ರಾಜಧಾನಿಯಾಗಿತ್ತು. ಮಧುಕೇಶ್ವರ ದೇವಾಲಯದಲ್ಲಿರುವ ಕಲ್ಲಿನ ಮಂಚದ ಕೆತ್ತನೆಯನ್ನು ನೋಡಲು ಹತ್ತು ನಿಮಿಷ ಸಾಲದು. ಬೆಳಗಿನ ಬಿಸಿಲಿನಲ್ಲಿ ಕಂಡ ಶಿಲ್ಪವು ಸಂಜೆಯ ಇಳಿಬಿಸಿಲಿನಲ್ಲಿ ಬೇರೆಯಾಗಿಯೇ ಕಾಣುತ್ತದೆ. ರಾತ್ರಿಗೆ ಶಿರಸಿಯಲ್ಲಿ ತಂಗಬಹುದು. ಆದರೆ ಅಲ್ಲಿ ಎರಡು ವರ್ಷಗಳಿಗೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವುದು ಇದೇ ಕಾಲದಲ್ಲಿ. ಜಾತ್ರೆಯ ದಿನಗಳನ್ನು ಮೊದಲೇ ವಿಚಾರಿಸದಿದ್ದರೆ ತಂಗಲು ಸ್ಥಳವೇ ಸಿಗದೆ ಪರದಾಡಬೇಕಾದೀತು.

ಮೂರನೆಯ ದಿನ ಸಾಗರದ ಸುತ್ತಿನ ಕೆಳದಿ, ಇಕ್ಕೇರಿಗಳು. ಎರಡೂ ಸಾಗರದಿಂದ ಹತ್ತು ಕಿಲೋಮೀಟರಿನ ಒಳಗಿವೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಎದುರಿಗಿರುವ ನಂದಿಯ ಗಾತ್ರವೇ ಬೆರಗು ಹುಟ್ಟಿಸುತ್ತದೆ. ಕೆಳದಿಯ ದೇವಾಲಯದಲ್ಲಿ ತಲೆಯೆತ್ತಿ ನೋಡಿದರೆ ಛಾವಣಿಯಲ್ಲಿ ಗಂಡಭೇರುಂಡವಿದೆ! ಮೊದಲನೆಯ ದಿನ ಬಳ್ಳಿಗಾವಿಯ ಸ್ತಂಭದ ಮೇಲೆ ಕಂಡ ಪಕ್ಷಿಯೇ ಇಲ್ಲಿ, ಶತಮಾನಗಳ ಅನಂತರದ ಅರಸರ ಕಾಲದಲ್ಲಿ, ಮತ್ತೆ ಕಾಣಿಸಿಕೊಂಡಿದೆ. ನಮ್ಮ ರಾಜ್ಯದ ಲಾಂಛನದಲ್ಲಿರುವುದೂ ಅದೇ. ಇಂತಹ ಸಂಬಂಧಗಳು ಹೊಳೆಯುವುದು ನಿಧಾನವಾಗಿ ನೋಡುವವನಿಗೆ ಮಾತ್ರ.

“ಸಾಗರದವರೆಗೆ ಹೋಗಿ ಜೋಗವನ್ನು ನೋಡದೆ ಬರುವುದೇ?” ಎಂದು ನೀವು ಕೇಳಬಹುದು. ಹೌದು, ಬಿಟ್ಟು ಬರಬೇಕೆಂಬುದೇ ನನ್ನ ವಾದ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಬಳಿಕ ಶರಾವತಿಯ ನೀರು ವಿದ್ಯುತ್ತಿಗಾಗಿ ಅಲ್ಲಿ ಸಂಗ್ರಹವಾಗುತ್ತದೆ. ವಸಂತದಲ್ಲಿ ಜಲಪಾತವು ಸೊರಗಿರುತ್ತದೆ. 253 ಮೀಟರು ಆಳಕ್ಕೆ ಭೋರ್ಗರೆದು ಧುಮುಕುವ ಜೋಗವನ್ನು ಕಾಣಬೇಕಾದರೆ ಮಳೆಗಾಲದಲ್ಲಿಯೇ ಹೋಗಬೇಕು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ನ್ಯಾಯವಾದುದೂ ಹೌದು. “ನಮ್ಮಂಥವರಿಗೆ ಪ್ರವಾಸವು ಅಪರೂಪ. ಹಣ ಕೂಡಿಸಿ ಒಮ್ಮೆ ಬಂದವರು ಮತ್ತೆ ಯಾವಾಗ ಬರುತ್ತೇವೆಯೋ! ಇದ್ದುದೆಲ್ಲವನ್ನೂ ನೋಡಿಬಿಡುವುದೇ ಲೇಸಲ್ಲವೇ?” ಎಂದು ಹಲವರು ಹೇಳುತ್ತಾರೆ. ಆದರೆ ಕಷ್ಟದಿಂದ ಕೂಡಿಸಿದ ಹಣವನ್ನು ಇಂಧನಕ್ಕೂ ಆಯಾಸಕ್ಕೂ ತೆತ್ತು, ಬರಿಯ ಹೆಸರುಗಳನ್ನು ಹೊತ್ತು ಬರುವುದು ಇನ್ನೂ ದೊಡ್ಡ ನಷ್ಟವಲ್ಲವೇ? ಅಪರೂಪವಾದುದನ್ನು ಅವಸರದಿಂದ ಹಾಳುಮಾಡಬಾರದು.

ಸಿದ್ಧತೆಯಲ್ಲಿ ಆರೋಗ್ಯದ ವಿಚಾರವನ್ನು ಮರೆಯಲಾಗದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈ ಸೀಮೆಯಲ್ಲಿ ಹೆಚ್ಚಾಗಿ ಹರಡುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಉಣುಗುಗಳ ಕಡಿತದಿಂದ ಬರುವ ಈ ಜ್ವರ ಪ್ರಾಣಕ್ಕೂ ಕುತ್ತು ತರಬಲ್ಲುದು. ಆದುದರಿಂದ ವಸಂತದ ಸೊಬಗಿಗೆ ಮರುಳಾಗಿ ಕಾಡಿನೊಳಗೆ ಅಲೆಯುವುದಾಗಲಿ, ತರಗೆಲೆಗಳ ಮೇಲೆ ಕುಳಿತು ಬುತ್ತಿ ಬಿಚ್ಚುವುದಾಗಲಿ ಸಲ್ಲದು. ಸತ್ತ ಮಂಗವನ್ನು ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಊರಿನವರು ಬಲ್ಲ ಈ ಸಂಗತಿಯನ್ನು ಹೊರಗಿನಿಂದ ಬರುವವರು ಕೇಳಿ ತಿಳಿಯಬೇಕು.

ನನ್ನ ಬಾಲ್ಯದ ಆ ಪ್ರವಾಸದ ಅನಂತರ ಬಹುಕಾಲ ಕಳೆದ ಮೇಲೆ ನಾನು ಮತ್ತೆ ಬನವಾಸಿಗೆ ಹೋದೆ. ಆ ದಿನ ನೋಡಿದ್ದು ಅದೊಂದೇ ಊರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿಯೇ ಇದ್ದೆ. ಅಜ್ಜಿಯ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿತ್ತು. ಕೇಳಲು ಅಜ್ಜಿ ಇರಲಿಲ್ಲ. ನೀವು ಪ್ರವಾಸ ಹೊರಟಾಗ, ಹಿಂದಿರುಗಿದ ಮೇಲೆ ಮನೆಯ ಹಿರಿಯರ ಬಳಿ ಕುಳಿತು ಹೇಳುವುದಕ್ಕೆ ಏನಾದರೂ ಉಳಿಯುವಂತೆ ನೋಡಿ ಬನ್ನಿ.